ಸಂಘದ ಬೋಟಿಗೆ ರೆಕ್ಕೆ ಹಾಕಿದ ವಿಚಾರ

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಕೊಟ್ಟ ವಿಷಯ "ಸಹಕಾರ ಮತ್ತು ಸಾರಿಗೆ" ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಹೆಸರು ದೊಡ್ಡದಾಯಿತು. ನಮಗೆ ಗೊತ್ತಿರುವ ಸಾರಿಗೆ ಒಂದೇ, ಧಕ್ಕೆಯಲ್ಲಿ ಕಟ್ಟಿ ಹಾಕಿದ ಸಂಘದ ಬೋಟು. ಅದರ ಹಿಂದೆ ಇಂಜಿನ್ನಿನ ಕಾಲಿಗೆ ಎರಡೂ ಬದಿ ಕಪ್ಪು ರೆಕ್ಕೆ ಚಾಚಿಕೊಂಡದ್ದನ್ನು ನೀವೆಲ್ಲ ನೋಡಿದ್ದೀರಿ. "ಅದೆಂಥದು ಮಾರಾಯ್ರೆ, ಬೋಟು ಹಾರೂದಾ?" ಅಂತ ಕೇಳಿದವರು ಹತ್ತಾರು ಜನ. ಆ ರೆಕ್ಕೆಯ ಬಗ್ಗೆ ಈ ಹೊತ್ತು ಹೇಳುತ್ತೇವೆ. ನಾವು ಎಸ್.ಎಸ್.ಎಲ್.ಸಿ. ಓದಿದ ರೈತರು, ಇಂಜಿನಿಯರ್ ಅಲ್ಲ. ಆದರೆ ಈ ಕೆಲಸದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ಸುಟ್ಟದ್ದು ನಿಮ್ಮ ಶೇರು ಹಣ ಆಗಬಹುದಿತ್ತು, ಹಾಗಾಗಿ ಲೆಕ್ಕ ಒಪ್ಪಿಸುವುದು ನಮ್ಮ ಕರ್ತವ್ಯ.

ನಮ್ಮ ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟೆಯ ಹತ್ತಿರ ಸಮುದ್ರ ಸೇರುವ ಹೊಳೆ. ದೊಡ್ಡ ಅಣೆಕಟ್ಟು ಎಲ್ಲೂ ಇಲ್ಲದ್ದರಿಂದ ಮಳೆಗಾಲದಲ್ಲಿ ಘಟ್ಟದ ನೀರು ತಡೆಯಿಲ್ಲದೆ ಬಂದು ಇಳಿಯುತ್ತದೆ. 2019ರ ಆಗಸ್ಟ್ ನೆರೆಯನ್ನು ಯಾರಿಗೂ ನೆನಪು ಮಾಡಿಕೊಡಬೇಕಾಗಿಲ್ಲ. ಆ ವರ್ಷ ಕುರ್ವೆಯ ಸದಸ್ಯರಿಗೆ ಅಕ್ಕಿ ಮುಟ್ಟಿಸಲಿಕ್ಕೆ ನಾವು ಬೇರೆಯವರ ದೋಣಿಗೆ ಕೈ ಚಾಚಿದೆವು. ನೆರೆ ಇಳಿದ ಮೇಲೆ ಮಹಾಸಭೆಯಲ್ಲಿ ಠರಾವು ಆಗಿ ಸಂಘಕ್ಕೆ ಫೈಬರಿನ ಒಂದು ಬೋಟು, ಕೈ ಬದಲಾದ 25 ಅಶ್ವಶಕ್ತಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್ ಬಂತು. ಬೋಟಿನ ತಳ ಸಪಾಟು. ನೀರಿಗೆ ತಾಗುವ ಉದ್ದ 16 ಅಡಿ. ಹೊಸ ಇಂಜಿನ್ನಿಗೆ ದುಡ್ಡು ಸಾಲಲಿಲ್ಲ, ಹಳೇದು ತಂದದ್ದು ತಪ್ಪು ಅಂತ ಈಗಲೂ ನಮಗೆ ಅನ್ನಿಸುವುದಿಲ್ಲ.

ತೊಂದರೆ ಶುರುವಾದದ್ದು ಮೊದಲ ವಾರವೇ. ಇಂಜಿನ್ ಜೋರು ಮಾಡಿದರೆ ಬೋಟಿನ ಹಿಂಬದಿ ಕುಳಿತುಬಿಡುತ್ತಿತ್ತು, ಮೂತಿ ಆಕಾಶ ನೋಡುತ್ತಿತ್ತು. ಚುಕ್ಕಾಣಿ ಹಿಡಿದ ತಾಂಡೇಲರಿಗೆ ಮುಂದೆ ಕಾಣುವುದು ಬೋಟಿನ ಮೂತಿಯೊಂದೇ. ಹಿಂದೆ ಎಳೆದುಕೊಂಡು ಬರುವ ಅಲೆ ಗಜನಿ ಕಟ್ಟೆಗೆ ಹೊಡೆದು ಮಣ್ಣು ಕಳಚುತ್ತಿತ್ತು. ಕಟ್ಟೆ ಒಡೆದರೆ ಉಪ್ಪುನೀರು ಒಳಗೆ. ಕಗ್ಗ ಭತ್ತ ಉಪ್ಪು ತಾಳುವ ತಳಿ ಎನ್ನುವುದು ಸರಿ, ಹಾಗಂತ ಉಪ್ಪುನೀರಲ್ಲೇ ನಿಂತು ಬೆಳೆಯುವುದಿಲ್ಲ. ಗಜನಿಯವರು ಎರಡು ಸಲ ಸಂಘಕ್ಕೆ ಬಂದು ಹೇಳಿದರು. ನಾವು "ನೋಡುವ" ಎಂದು ಕಳಿಸಿದೆವು.

ಆಮೇಲೆ ಒಂದು ಸಂಜೆ ಆದದ್ದು ನಿಮಗೆ ಗೊತ್ತು. ಬಳಚು ಆರಿಸಿಕೊಂಡು ಇಬ್ಬರು ಹೆಂಗಸರು ಸಣ್ಣ ಪಾತಿಯಲ್ಲಿ ಬರುತ್ತಿದ್ದರು. ಸಂಘದ ಬೋಟು ಮೂತಿ ಎತ್ತಿಕೊಂಡು ಎದುರಿಂದ ಹೋಯಿತು. ತಾಂಡೇಲರಿಗೆ ಪಾತಿ ಕಾಣಲೇ ಇಲ್ಲ. ಒಂದು ಮಾರು ದೂರದಲ್ಲಿ ತಪ್ಪಿತು. ಆದರೆ ಹಿಂದಿನ ಅಲೆಗೆ ಪಾತಿ ಮಗುಚಿ ಇಡೀ ದಿನದ ಬಳಚು, ಬುಟ್ಟಿ ಎಲ್ಲ ನೀರಿಗೆ ಹೋಯಿತು. ಇಳಿತದ ಹೊತ್ತಾದ್ದರಿಂದ ಸೊಂಟದ ಮಟ್ಟ ನೀರು, ಇಬ್ಬರೂ ನಿಂತುಕೊಂಡರು. ಉಬ್ಬರ ಇದ್ದಿದ್ದರೆ ಈ ಸಭೆ ಬೇರೆ ಥರ ಇರುತ್ತಿತ್ತು. ಅವರಲ್ಲಿ ಒಬ್ಬರು ಮಹಾಸಭೆಯಲ್ಲಿ ಎದ್ದು ನಿಂತು ನಮ್ಮನ್ನೇ ಕೇಳಿದರು: "ತಮ್ಮಾ, ಬೋಟು ತಂದದ್ದು ನಮ್ಗಾಗಿ ಅಂದ್ರಿ. ಅದು ಕುದ್ರೆ ಹಾಂಗೆ ಮೂತಿ ಎತ್ಕಂಡ್ ಬಂದ್ರೆ ನಾವು ಎಲ್ಲಿಗೆ ಹೋಗೂದು?" ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬೋಟು ಮೂತಿ ಯಾಕೆ ಎತ್ತುತ್ತದೆ ಎಂಬುದೇ ಆಗ ನಮಗೆ ತಿಳಿದಿರಲಿಲ್ಲ.

ತಿಳಿದದ್ದನ್ನು ಈಗ ಹೇಳುತ್ತೇವೆ. ಬೋಟು ನಿಧಾನ ಹೋಗುವಾಗ ನೀರನ್ನು ಎರಡೂ ಬದಿ ತಳ್ಳಿ ದಾರಿ ಮಾಡಿಕೊಂಡು ಹೋಗುತ್ತದೆ. ವೇಗ ಹೆಚ್ಚಿದಂತೆ ಮುಂದೆ ಒಂದು ಅಲೆ ಏಳುತ್ತದೆ, ಆ ಅಲೆಯ ಉದ್ದವೂ ಬೆಳೆಯುತ್ತದೆ. ಕೊನೆಗೆ ಅಲೆಯ ತಲೆ ಬೋಟಿನ ಮೂತಿಯ ಕೆಳಗೆ, ಅಲೆಯ ಗುಂಡಿ ಬೋಟಿನ ಹಿಂಬದಿಯ ಕೆಳಗೆ ಬಂದು ನಿಲ್ಲುತ್ತದೆ. ಅಂದರೆ ಬೋಟು ತಾನೇ ಎಬ್ಬಿಸಿದ ಗುಡ್ಡವನ್ನು ತಾನೇ ಹತ್ತುತ್ತಿದೆ. ಇದು ಯಾವ ವೇಗ ದಾಟಿದ ಮೇಲೆ ಶುರುವಾಗುತ್ತದೆ ಎಂಬುದಕ್ಕೆ ಒಂದು ಸುಲಭ ಲೆಕ್ಕ ಉಂಟು: ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗ ಎಷ್ಟು ನಾಟ್ ಎಂದು ಸಿಗುತ್ತದೆ. ನಮ್ಮದು 16 ಅಡಿ, ವರ್ಗಮೂಲ 4. 5.36 ನಾಟ್ ಆಯಿತು, ಗಂಟೆಗೆ ಸುಮಾರು 10 ಕಿಲೋಮೀಟರ್. ಅದಕ್ಕಿಂತ ಮುಂದೆ ಹೋಗಬೇಕಾದರೆ ಗುಡ್ಡ ಹತ್ತಿ ದಾಟಬೇಕು. ದಾಟಿದರೆ ಮೂತಿ ತಾನಾಗಿ ಇಳಿಯುತ್ತದೆ, ಬೋಟು ನೀರಿನ ಮೇಲೆ ಜಾರುತ್ತದೆ, ಹಿಂದಿನ ಅಲೆಯೂ ಸಣ್ಣದಾಗುತ್ತದೆ. ಇದನ್ನೇ ಪ್ಲೇನಿಂಗ್ ಎನ್ನುವುದು. ನಮ್ಮ ಹುಡುಗರು "ಬೋಟು ಪ್ಲೇನ್ ಆಯ್ತು" ಅನ್ನುತ್ತಾರೆ, ನಾವು "ಮೇಲೆ ಎದ್ದಿತು" ಅನ್ನುವ.

ನಮ್ಮ ಬೋಟು ಗುಡ್ಡದ ಅರ್ಧದಲ್ಲಿ ಸಿಕ್ಕಿಬಿದ್ದಿತ್ತು. ಅತಿ ದೊಡ್ಡ ಅಲೆ ಏಳುವುದೂ ಪೆಟ್ರೋಲು ವ್ಯರ್ಥ ಸುಡುವುದೂ ಅದೇ ಹೊತ್ತಿನಲ್ಲಿ. ಅದೇ ಹೊತ್ತಿನಲ್ಲಿ ತಾಂಡೇಲರಿಗೆ ಕಣ್ಣೂ ಕಾಣುವುದಿಲ್ಲ. ನಿಧಾನ ಹೋದರೂ ಅಡ್ಡಿ ಇಲ್ಲ, ಪೂರ್ತಿ ಎದ್ದು ಹೋದರೂ ಅಡ್ಡಿ ಇಲ್ಲ. ಕೆಟ್ಟದ್ದು ಈ ನಡುವಿನದು.

ಇಂಜಿನ್ನಿಗೆ ರೆಕ್ಕೆ ಹಾಕುವ ಸುದ್ದಿ ಆಗ ಒಬ್ಬರು ತಂದರು. ಇಂಗ್ಲಿಷಿನಲ್ಲಿ ಹೈಡ್ರೋಫಾಯಿಲ್ ಅನ್ನುತ್ತಾರೆ. ಹೆಸರು ಕೇಳಿ ಮೋಸ ಹೋಗಬಾರದು. ನಿಜವಾದ ಹೈಡ್ರೋಫಾಯಿಲ್ ಬೋಟು ಬೇರೆ. ಇಟಲಿಯ ಫೋರ್ಲಾನಿನಿ ಎಂಬವರು 1906ರಲ್ಲಿ ಮಜ್ಜೋರೆ ಸರೋವರದಲ್ಲಿ ಅಂಥದನ್ನು ಓಡಿಸಿದರು. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಅವರ ತಂಡದ ಬೋಟು 1919ರಲ್ಲಿ ಗಂಟೆಗೆ 114 ಕಿಲೋಮೀಟರ್ ಓಡಿ ದಾಖಲೆ ಮಾಡಿತು. ಆ ಬೋಟುಗಳ ಇಡೀ ಒಡಲು ನೀರಿನಿಂದ ಮೇಲಕ್ಕೆ ಬರುತ್ತದೆ. ನಮ್ಮದು ಅಷ್ಟು ದೊಡ್ಡ ಸಾಹಸ ಅಲ್ಲ. ಪ್ರೊಪೆಲ್ಲರಿಗೆ ನಮ್ಮವರು ಫ್ಯಾನು ಅನ್ನುತ್ತಾರಲ್ಲ, ಅದರ ಮೇಲೆ ಅಡ್ಡಕ್ಕೆ ಒಂದು ಲೋಹದ ತಟ್ಟೆ ಇರುತ್ತದೆ. ಮೇಲಿನಿಂದ ಗಾಳಿ ಫ್ಯಾನಿಗೆ ಎಳೆಯದ ಹಾಗೆ ಅದು ತಡೆಯುತ್ತದೆ. ಆ ತಟ್ಟೆಗೆ ಎರಡು ಬದಿ ರೆಕ್ಕೆ ಬೋಲ್ಟು ಮಾಡುವುದು, ಅಷ್ಟೇ. ಓಡುವಾಗ ನೀರು ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ, ಹಿಂಬದಿ ಏಳುತ್ತದೆ, ಮೂತಿ ಇಳಿಯುತ್ತದೆ, ಗುಡ್ಡ ಸ್ವಲ್ಪ ಸಪಾಟಾಗುತ್ತದೆ. ಎದ್ದ ಮೇಲೆ ಇಂಜಿನ್ ಸ್ವಲ್ಪ ಕಡಿಮೆ ಮಾಡಿದರೂ ಬೋಟು ಕುಳಿತುಕೊಳ್ಳುವುದಿಲ್ಲ.

ಇಷ್ಟು ಕೇಳಿದ್ದೇ ತಡ, ಆಡಳಿತ ಮಂಡಳಿಯಲ್ಲಿ ನಾವೇ ಮುಂದೆ ನಿಂತು ಠರಾವು ಮಾಡಿಸಿದೆವು. ಅಂಗಡಿಯ ರೆಕ್ಕೆ ತರಿಸಲಿಕ್ಕೆ ತಡ ಆಗುತ್ತದೆ ಅಂತ ಪೇಟೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಹಾಳೆ ಕತ್ತರಿಸಿ ಮಾಡಿಸಿದೆವು. ತೂತು ಕೊರೆದದ್ದು ತಟ್ಟೆಯ ಅಂಚಿಗೆ ತೀರಾ ಹತ್ತಿರ. ಬೋಲ್ಟು ಸಾದಾ ಕಬ್ಬಿಣದ್ದು. ಮೊದಲ ದಿನ ಬೋಟು ಚಂದ ಎದ್ದಿತು, ಧಕ್ಕೆಯಲ್ಲಿ ನಿಂತವರು ಚಪ್ಪಾಳೆ ಹೊಡೆದರು, ನಾವೂ ಕೈ ಬೀಸಿದೆವು. ಎರಡು ತಿಂಗಳು ಹೋಗಿರಲಿಲ್ಲ. ಉಪ್ಪುನೀರಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜೊತೆಗೆ ಇಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ ಎನ್ನುವುದು ಹೈಸ್ಕೂಲ್ ರಸಾಯನಶಾಸ್ತ್ರದ ಪಾಠ. ನಾವು ಪಾಸಾದವರೇ, ನೆನಪಾಗಲಿಲ್ಲ ಅಷ್ಟೇ. ನಡು ಹೊಳೆಯಲ್ಲಿ ಎಡಗಡೆಯ ರೆಕ್ಕೆ ಸಡಿಲಾಗಿ ತಿರುಗಿಕೊಂಡಿತು. ಚುಕ್ಕಾಣಿ ತಾಂಡೇಲರ ಕೈಯಿಂದ ಕಿತ್ತುಕೊಂಡಿತು, ಬೋಟು ಗಿರ್ರನೆ ಸುತ್ತಿತು. ಅವರು ಮಣಿಕಟ್ಟಿಗೆ ಇಂಜಿನ್ ನಿಲ್ಲಿಸುವ ಕೆಂಪು ದಾರ ಕಟ್ಟಿಕೊಂಡಿದ್ದರಿಂದ ಇಂಜಿನ್ ಬಂದ್ ಆಯಿತು. ಆ ದಾರವನ್ನು ಕಟ್ಟಿಕೊಳ್ಳದೆ ಬೋಟು ಬಿಡಬಾರದು ಎಂದು ಅಂದಿನಿಂದ ನಿಯಮ ಮಾಡಿದ್ದೇವೆ. ಅಲ್ಯೂಮಿನಿಯಂ ರೆಕ್ಕೆ ಹೊಳೆಯ ತಳದಲ್ಲಿ ಎಲ್ಲೋ ಉಂಟು. ದುಡ್ಡು ನೀರಿಗೆ ಹಾಕಿದ್ದು ಎಂಬ ಮಾತು ಅಕ್ಷರಶಃ ನಿಜವಾಯಿತು. ಆ ಬಿಲ್ಲನ್ನು ಸಂಘದ ಲೆಕ್ಕಕ್ಕೆ ಹಾಕಲಿಲ್ಲ, ನಿರ್ದೇಶಕರೇ ಹಂಚಿಕೊಂಡೆವು. ಬಳಚಿನ ಬುಟ್ಟಿಯ ಹಣವನ್ನೂ ಹಾಗೇ ಕೊಟ್ಟೆವು.

ಅದಾದ ಮೇಲೆ ಬಂದರಿನ ಕಡೆ ಇಂಜಿನ್ ರಿಪೇರಿ ಮಾಡುವ ಒಬ್ಬ ಹಿರಿಯರನ್ನು ಕರೆಸಿದೆವು. ಅವರು ಬಂದವರೇ ಬೋಟನ್ನು ದಡಕ್ಕೆ ಎಳೆಸಿ ಒಂದು ಬೀಡಿ ಸೇದಿ ಮುಗಿಯುವವರೆಗೂ ಸುಮ್ಮನೆ ನೋಡಿದರು. ಆಮೇಲೆ "ನಿಮ್ಗೆ ರೆಕ್ಕೆ ಬೇಕಾದ್ದು ಕಡೇಗೆ. ಮೊದ್ಲು ಉಳದದ್ದು ಸರಿ ಮಾಡ್ಕಣಿ" ಅಂದರು. ನಮಗೆ ನಾಚಿಕೆ ಆಯಿತು. ಅವರು ತೋರಿಸಿದ್ದು ಒಂದೊಂದೂ ಕಣ್ಣೆದುರೇ ಇದ್ದ ವಿಷಯ.

ಬೋಟಿನ ತಳಕ್ಕೆ ಚಿಪ್ಪು, ಪಾಚಿ ಬೆರಳು ದಪ್ಪ ಹಿಡಿದಿತ್ತು. ಕೆರೆದು ತೆಗೆದೆವು. ಫ್ಯಾನಿನ ಒಳಗೆ ಒಂದು ರಬ್ಬರ್ ಬುಷ್ ಇರುತ್ತದೆ, ಕಲ್ಲಿಗೆ ತಾಗಿದರೆ ಗೇರ್ ಮುರಿಯದಿರಲಿ ಅಂತ. ಅದು ಸವೆದು ಜಾರುತ್ತಿತ್ತು. ಇಂಜಿನ್ ಕೂಗುತ್ತದೆ, ಬೋಟು ಹೋಗುವುದಿಲ್ಲ. ಹಳೇ ಇಂಜಿನ್ ಕೊಳ್ಳುವವರು ಇದನ್ನು ಮೊದಲು ನೋಡಬೇಕು.

ಇನ್ನು ಎತ್ತರದ ವಿಷಯ. ಇದು ಸ್ವಲ್ಪ ಗಮನ ಇಟ್ಟು ಕೇಳಿ, ನಮ್ಮಲ್ಲಿ ಎಷ್ಟೋ ಬೋಟುಗಳದ್ದು ಇದೇ ತಪ್ಪು. ಔಟ್‌ಬೋರ್ಡ್ ಇಂಜಿನ್ನಿನ ಕಾಲು ಸಾಮಾನ್ಯವಾಗಿ ಎರಡು ಉದ್ದದಲ್ಲಿ ಬರುತ್ತದೆ, ಗಿಡ್ಡದ್ದು 15 ಇಂಚಿನ ಹಲಗೆಗೆ, ಉದ್ದದ್ದು 20 ಇಂಚಿನ ಹಲಗೆಗೆ. ನಮ್ಮದು ಉದ್ದ ಕಾಲು. ಬೋಟಿನ ಹಿಂದಿನ ಹಲಗೆ ಅಳೆದರೆ ಹದಿನೇಳೂವರೆ ಇಂಚು! ಅಂದರೆ ಆ ತಟ್ಟೆ ಬೋಟಿನ ತಳಕ್ಕಿಂತ ಎರಡೂವರೆ ಇಂಚು ಕೆಳಗೆ ಇಳಿದು ನೀರನ್ನು ಉಳುತ್ತಿತ್ತು. ನೇಗಿಲು ಬೇಕಾದ್ದಕ್ಕಿಂತ ಆಳ ಹೋದರೆ ಎತ್ತು ಏನು ಮಾಡೀತು? ತಟ್ಟೆ ಬೋಟಿನ ತಳದ ಸಮಕ್ಕೆ, ಹೆಚ್ಚೆಂದರೆ ಒಂದು ಇಂಚು ಕೆಳಗೆ ಇರಬೇಕು. ನಾವು ಗಟ್ಟಿ ಮರದ ಎರಡು ಇಂಚಿನ ಪಟ್ಟಿಯನ್ನು ಹಲಗೆಯ ಮೇಲೆ ಕೂಡಿಸಿ ಇಂಜಿನ್ ಎತ್ತಿದೆವು. ಅತಿಯಾಗಿ ಎತ್ತಿದರೂ ಕಷ್ಟವೇ, ಫ್ಯಾನು ಗಾಳಿ ಎಳೆಯುತ್ತದೆ, ಇಂಜಿನ್ ತಂಪು ಮಾಡುವ ನೀರೂ ತಪ್ಪಬಹುದು. ಬದಿಯಿಂದ ನೀರಿನ ಎಳೆ ಹಾರುತ್ತಿದೆಯೋ ಇಲ್ಲವೋ ಎಂದು ತಾಂಡೇಲರು ಆಗಾಗ ತಿರುಗಿ ನೋಡುವುದು ಅದಕ್ಕೇ.

ಹಲಗೆಗೆ ಕಚ್ಚುವ ಬ್ರಾಕೆಟ್ಟಿನಲ್ಲಿ ಸಾಲಾಗಿ ತೂತುಗಳಿವೆ, ಒಂದರಲ್ಲಿ ಪಿನ್ ಇರುತ್ತದೆ. ನಮ್ಮ ಪಿನ್ ಹೊರಗಿನ ತೂತಿನಲ್ಲಿತ್ತು, ಫ್ಯಾನು ನೀರನ್ನು ಓರೆಯಾಗಿ ಮೇಲಕ್ಕೆ ತಳ್ಳಿ ಬೋಟಿನ ಮೂತಿ ಎತ್ತುತ್ತಿತ್ತು. ಎರಡು ತೂತು ಒಳಗೆ ಹಾಕಿದೆವು. ಖರ್ಚು ಸೊನ್ನೆ.

ಮತ್ತೆ ಭಾರ. ಎತ್ತಿನ ಗಾಡಿ ಹೊಡೆದವರು ಇಲ್ಲಿ ಇನ್ನೂ ಕೆಲವರಿದ್ದೀರಿ. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕುತ್ತಿಗೆ ಬಿಡುತ್ತದೆ. ಬೋಟಿನಲ್ಲಿ ನಾವು ಇಂಜಿನ್, ಪೆಟ್ರೋಲ್ ಟ್ಯಾಂಕ್, ತಾಂಡೇಲರು, ಗೊಬ್ಬರದ ಚೀಲ ಎಲ್ಲವನ್ನೂ ಹಿಂದೆಯೇ ಪೇರಿಸಿ ಮೂತಿ ಏಳುತ್ತದೆ ಅಂತ ಗೋಳಾಡುತ್ತಿದ್ದೆವು. ಟ್ಯಾಂಕನ್ನು ಮುಂದಕ್ಕೆ ಸರಿಸಿದೆವು, ಪೈಪು ಉದ್ದ ಹಾಕಿದೆವು. ಎರಡನೆಯವರು ಮುಂದಿನ ಹಲಗೆಯಲ್ಲೇ ಕೂರಬೇಕು ಎಂದಾಯಿತು.

ಇಷ್ಟಕ್ಕೇ ಬೋಟು ಇಬ್ಬರನ್ನು ಹೊತ್ತು ಎದ್ದಿತು, ರೆಕ್ಕೆ ಇಲ್ಲದೆ! ಮೂವರಾದರೆ ಮಾತ್ರ ಗುಡ್ಡದ ತುದಿಯಲ್ಲಿ ಬಹಳ ಹೊತ್ತು ತಡಕಾಡುತ್ತಿತ್ತು. ಇಪ್ಪತ್ತು ಎಣಿಸಿದರೂ ಕೆಲವು ಸಲ ಏಳುತ್ತಿರಲಿಲ್ಲ. ರೆಕ್ಕೆಯ ಅಗತ್ಯ ಉಳಿದದ್ದು ಅಷ್ಟಕ್ಕೆ. ಆಗ ಅಚ್ಚಿನಲ್ಲಿ ಎರಕ ಹೊಯ್ದ ಗಟ್ಟಿ ಪ್ಲಾಸ್ಟಿಕ್ಕಿನ ರೆಕ್ಕೆ ತರಿಸಿದೆವು. ಈ ಸಲ ಕೊರೆಯುವ ಮೊದಲು ರೆಕ್ಕೆಯನ್ನು ತಟ್ಟೆಗೆ ಹಿಡಿದು, ಎರಡೂ ಬದಿ ನಡುಗೆರೆಯಿಂದ ಸಮ ಉಂಟೋ ಅಂತ ಮೂರು ಸಲ ಅಳೆದೆವು. ಇಂಜಿನ್ನನ್ನು ಪೂರ್ತಿ ಮೇಲೆತ್ತಿ, ಎರಡೂ ಕಡೆ ಪೂರ್ತಿ ತಿರುಗಿಸಿ, ರೆಕ್ಕೆ ಬೋಟಿಗೆ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆವು. ತೂತು ಅಂಚಿನಿಂದ ಒಳಗೆ. ಕೊರೆದ ಜಾಗದ ಬರಿ ಲೋಹಕ್ಕೆ ಬಣ್ಣ. ಸ್ಟೇನ್‌ಲೆಸ್ ಬೋಲ್ಟು, ಅಗಲ ವಾಷರು, ತಾನಾಗಿ ಸಡಿಲಾಗದ ನೈಲಾನ್ ನಟ್ಟು. ಸ್ಟೇನ್‌ಲೆಸ್ ಕೂಡ ಅಲ್ಯೂಮಿನಿಯಮ್ಮನ್ನು ತಿನ್ನದೆ ಬಿಡುವುದಿಲ್ಲವಾದ್ದರಿಂದ ನಡುವೆ ಸೀಲಂಟ್ ಮೆತ್ತಿದೆವು. ತುಕ್ಕನ್ನು ತನ್ನ ಮೈಮೇಲೆ ಎಳೆದುಕೊಳ್ಳುವ ಸತುವಿನ ತುಂಡು ಇಂಜಿನ್ನಿನ ಕಾಲಿನಲ್ಲಿ ಇರುತ್ತದೆ, ಅದಕ್ಕೆ ಬಣ್ಣ ಬಳಿಯಲಿಲ್ಲ. ಬಳಿದರೆ ಅದು ಇದ್ದೂ ಇಲ್ಲದ ಹಾಗೆ. ತೂತು ಕೊರೆದರೆ ತಟ್ಟೆ ಸ್ವಲ್ಪವಾದರೂ ಬಲ ಕಳೆದುಕೊಳ್ಳುತ್ತದೆ, ಹೊಸ ಇಂಜಿನ್ ಆದರೆ ಗ್ಯಾರಂಟಿಗೂ ತೊಂದರೆ ಬರಬಹುದು. ತೂತಿಲ್ಲದೆ ಕಚ್ಚಿಸುವ ರೆಕ್ಕೆಗಳೂ ಬರುತ್ತವೆ. ನಮ್ಮದರಲ್ಲಿ ಹಳೇ ತೂತು ಹೇಗೂ ಇತ್ತು, ಅದನ್ನು ಮುಚ್ಚಿಸಿ ಬೇರೆ ಕಡೆ ಕೊರೆದೆವು.

ಪರೀಕ್ಷೆಗೆ ನೀರು ನಿಂತ ಹೊತ್ತು ನೋಡಿ, ಬೇರೆ ದೋಣಿ ಇಲ್ಲದ ಕಡೆ, ಮೂವರೂ ಲೈಫ್ ಜಾಕೆಟ್ ಹಾಕಿ ಹೋದೆವು. ನೇರ ಓಡಿಸಿದೆವು, ಸ್ವಲ್ಪ ಸ್ವಲ್ಪವೇ ಜೋರು. ಹನ್ನೆರಡು ಎಣಿಸುವಷ್ಟರಲ್ಲಿ ಮೂತಿ ಇಳಿದು ಎದುರಿನ ದಡದ ತೆಂಗಿನ ಮರಗಳು ಬುಡದಿಂದ ತುದಿವರೆಗೆ ಕಂಡವು. ಈ ಸಲ ಚಪ್ಪಾಳೆ ಹೊಡೆಯಲು ಯಾರೂ ಇರಲಿಲ್ಲ. ಪೂರ್ತಿ ವೇಗದಲ್ಲಿ ಮಾತ್ರ ಮೂತಿ ಬೇಕಾದ್ದಕ್ಕಿಂತ ಕೆಳಗೆ ಒತ್ತಿ ಬೋಟು ಆಚೆ ಈಚೆ ಎಳೆಯಿತು. ಹಿಂಬದಿ ಎತ್ತುವ ರೆಕ್ಕೆಗೆ ಮಿತಿ ಗೊತ್ತಿರುವುದಿಲ್ಲ. ಪಿನ್ನನ್ನು ಒಂದು ತೂತು ಹೊರಗೆ ಹಾಕಿದ ಮೇಲೆ ಸರಿಹೋಯಿತು. ಅಳಿವೆ ಕಡೆ ಸಮುದ್ರದ ತೆರೆ ಬರುವಲ್ಲಿ ಪೂರ್ತಿ ವೇಗ ಇವತ್ತಿಗೂ ಬೇಡ, ಇಳಿದ ಮೂತಿ ತೆರೆಗೆ ಚುಚ್ಚಿಕೊಂಡೀತು. ಮೊದಲ ಓಟದ ನಂತರ ಬೋಲ್ಟು ಮತ್ತೆ ಬಿಗಿದೆವು.

ಪೆಟ್ರೋಲು ಅರ್ಧ ಉಳಿಯುತ್ತದೆ ಎಂದು ಊರಲ್ಲಿ ಯಾರೋ ಹಬ್ಬಿಸಿದ್ದಾರೆ. ಅದು ನಮ್ಮ ಬಾಯಿಂದ ಬಂದದ್ದಲ್ಲ. ಗುಡ್ಡದ ಮೇಲೆ ಒದ್ದಾಡುವ ಹೊತ್ತು ಕಡಿಮೆಯಾದಷ್ಟು ಉಳಿಯುತ್ತದೆ. ಗರಿಷ್ಠ ವೇಗ ಹೆಚ್ಚಲಿಲ್ಲ, ರೆಕ್ಕೆಯೂ ನೀರನ್ನು ಎಳೆಯುತ್ತದಲ್ಲ.

ರೆಕ್ಕೆ ಅಶ್ವಶಕ್ತಿ ಕೊಡುವುದಿಲ್ಲ. ಇದನ್ನು ಗೊಬ್ಬರ ಒಯ್ಯುವ ಸದಸ್ಯರು ದಯವಿಟ್ಟು ಗಮನಿಸಬೇಕು. ಬೋಟು ಏಳಬೇಕಾದರೆ ಒಂದು ಅಶ್ವಶಕ್ತಿಗೆ ಸುಮಾರು 20 ಕಿಲೋ ಎಂಬುದು ರೂಢಿಯ ಒರಟು ಲೆಕ್ಕ. 25ಕ್ಕೆ 500 ಕಿಲೋ. ನಮ್ಮ ಬೋಟಿನ ತೂಕ 200, ಇಂಜಿನ್ 50, ಪೆಟ್ರೋಲು ಸಾಮಾನು 30, ಇಬ್ಬರು ಮನುಷ್ಯರು 130. ಆಗಲೇ 410 ಆಯಿತು. ಉಳಿದದ್ದು 90 ಕಿಲೋ. ಯೂರಿಯಾ ಚೀಲ ಈಗ 45 ಕಿಲೋದ್ದು, ಎರಡು ಚೀಲಕ್ಕೆ ಲೆಕ್ಕ ಮುಗಿಯಿತು. ಎಂಟು ಚೀಲ ಹೇರಿ "ರೆಕ್ಕೆ ಉಂಟಲ್ಲ, ಎಬ್ಸಿ" ಅಂತ ತಾಂಡೇಲರಿಗೆ ಹೇಳಿದರೆ ಅದು ಏಳುವುದಿಲ್ಲ, ಮತ್ತೆ ಅದೇ ಕುದುರೆ ಮೂತಿ, ಅದೇ ಅಲೆ, ಅದೇ ಕಟ್ಟೆ. ಹಾಗಾಗಿ ಮಂಡಳಿ ತೀರ್ಮಾನ ಮಾಡಿದೆ: ಚೀಲ ಹೇರಿದ ಬೋಟು ನಡೆಯುವ ವೇಗದಲ್ಲೇ ಹೋಗಬೇಕು. ಗಜನಿ ಕಟ್ಟೆಯ ಪಕ್ಕ, ತೂಬಿನ ಎದುರು, ಬಳಚು ಆರಿಸುವವರಿದ್ದಲ್ಲಿ ಖಾಲಿ ಬೋಟೂ ನಿಧಾನ. ಏಳಿಸುವುದು ನಡು ಹೊಳೆಯಲ್ಲಿ ಮಾತ್ರ. ಕೆಲವರಿಗೆ ಇದು ಹಿಡಿಸಿಲ್ಲ, ಗೊತ್ತು. ಒಂದೇ ಸಲ ಸಾಗಿಸಿದರೆ ಬಾಡಿಗೆ ಉಳಿಯುತ್ತದೆ ಎನ್ನುವ ಅವರ ಮಾತೂ ನ್ಯಾಯದ್ದೇ. ಆದರೂ ನಾವು ಬಗ್ಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಕುರ್ವೆಯ ಒಬ್ಬ ಹಿರಿಯರಿಗೆ ರಾತ್ರಿ ಉಸಿರು ಕಟ್ಟಿತು. ಕುರ್ವೆಯಿಂದ ರಸ್ತೆ ಸಿಗುವ ಕಡವಿಗೆ ನೀರಿನಲ್ಲಿ 3 ಕಿಲೋಮೀಟರ್. ಹಳೇ ಥರ 10ರ ವೇಗದಲ್ಲಾದರೆ 18 ನಿಮಿಷ. ಆ ರಾತ್ರಿ ಮುಂದೆ ಒಬ್ಬರು ಬ್ಯಾಟರಿ ದೀಪ ಹಿಡಿದು ಕೂತರು, ಬೋಟು ಎದ್ದಿತು, ಏಳೆಂಟು ನಿಮಿಷದಲ್ಲಿ ಕಡವು ಮುಟ್ಟಿದರು. ಜೀವ ಉಳಿಸಿದವರು ವೈದ್ಯರು, ಅದರ ಹೆಸರನ್ನು ರೆಕ್ಕೆಗೆ ಹಚ್ಚುವುದಿಲ್ಲ. ಹತ್ತು ನಿಮಿಷ ಉಳಿಸಿಕೊಟ್ಟದ್ದು ಮಾತ್ರ ಅದೇ. ಆ ಹಿರಿಯರು ಎದುರಿನ ಸಾಲಿನಲ್ಲಿ ಕೂತು ನಮ್ಮ ಲೆಕ್ಕದಲ್ಲಿ ತಪ್ಪು ಹುಡುಕುತ್ತಿದ್ದಾರೆ.

ಸಭೆ ಮುಗಿದ ಮೇಲೆ ಊಟಕ್ಕೆ ಮೊದಲು ಧಕ್ಕೆಗೆ ಬನ್ನಿ. ಇಂಜಿನ್ ಮೇಲೆತ್ತಿ ಇಟ್ಟಿದ್ದಾರೆ. ಪಿನ್, ತಟ್ಟೆ, ರೆಕ್ಕೆ ಎಲ್ಲ ಕೈಯಲ್ಲಿ ಮುಟ್ಟಿ ನೋಡಬಹುದು. ತಮ್ಮ ದೋಣಿಯ ಹಿಂದಿನ ಹಲಗೆಯ ಅಳತೆಯನ್ನು ಬರೆದು ತಂದವರಿದ್ದರೆ ಅಲ್ಲೇ ತಾಂಡೇಲರ ಹತ್ತಿರ ಕೊಡಿ. ಕಟ್ಟೆ ಕಳಚಿದ್ದರ ಬಗ್ಗೆ ಗಜನಿಯವರು ಕೊಟ್ಟ ಅರ್ಜಿ ಮುಂದಿನ ಮಂಡಳಿ ಸಭೆಗೆ ಬರುತ್ತದೆ, ಅದಕ್ಕೂ ನಾವೇ ಉತ್ತರ ಹೇಳುತ್ತೇವೆ.